ಸಮತೋಲನ ಹುಡುಕಿದ ಕೀಟತಜ್ಞ

ನಿಸರ್ಗ ತನ್ನ ಸಮತೋಲನವನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದು ಹೇಗೆ ಎಂಬ ಪ್ರಶ್ನೆಗೆ ಗಣಿತದ ಮೂಲಕ ಉತ್ತರ ಹುಡುಕಲು ಹೊರಟವರು ಕೀಟತಜ್ಞ ಅಲೆಕ್ಸಾಂಡರ್ ಜಾನ್ ನಿಕಲ್ಸನ್. ಕೊನೆಗೆ ಅವರ ಲೆಕ್ಕ ಅವರ ನಂಬಿಕೆಗೇ ಎದುರು ನಿಂತಿತು. ಅದನ್ನು ಮುಚ್ಚಿಡದೆ ಲೋಕದ ಮುಂದಿಟ್ಟದ್ದು ಅವರ ದೊಡ್ಡತನ.

1895ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ನಿಕಲ್ಸನ್, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಓದಿದರು. ಮೊದಲ ಮಹಾಯುದ್ಧದಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿ, 1921ರಲ್ಲಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಕೀಟಶಾಸ್ತ್ರದ ಅಧ್ಯಾಪಕರಾಗಿ ಬಂದರು. ಕೀಟಗಳ ಸಂಖ್ಯೆ ಮಿತಿಮೀರದಂತೆ ತಡೆಯುವುದು ಯಾವುದು ಎಂಬ ಚಿಂತೆ ಅಲ್ಲಿಯೇ ಅವರನ್ನು ಹಿಡಿಯಿತು.

ಕೆಲವು ಕಣಜಗಳು ಬೇರೆ ಕೀಟದ ಮರಿಹುಳುವಿನೊಳಗೆ ಮೊಟ್ಟೆಯಿಡುತ್ತವೆ. ಹುಟ್ಟಿದ ಮರಿ ಆ ಆತಿಥೇಯವನ್ನೇ ತಿಂದು ಬೆಳೆಯುತ್ತದೆ. ಇಂದಿನ ಪೀಳಿಗೆಯಲ್ಲಿ ಬಲಿಯಾದ ಹುಳುಗಳೆಷ್ಟು ಎಂಬುದರ ಮೇಲೆಯೇ ಮುಂದಿನ ಪೀಳಿಗೆಯ ಕಣಜಗಳ ಸಂಖ್ಯೆ ನಿಂತಿರುತ್ತದೆ. ಸಿಡ್ನಿಯಲ್ಲೇ ಇದ್ದ ಭೌತವಿಜ್ಞಾನಿ ವಿಕ್ಟರ್ ಬೇಲಿ ಅವರ ನೆರವಿನಿಂದ ನಿಕಲ್ಸನ್ ಈ ಸಂಬಂಧವನ್ನು ಪೀಳಿಗೆಯಿಂದ ಪೀಳಿಗೆಗೆ ಸಾಗುವ ಸಮೀಕರಣಗಳಲ್ಲಿ ಹಿಡಿದರು. 1935ರಲ್ಲಿ ಇದು ಪ್ರಕಟವಾಯಿತು.

ಸಮತೋಲನದ ಬಿಂದುವೇನೋ ದೊರೆಯಿತು. ಆದರೆ ಅದು ಸೂಜಿಯ ಮೊನೆಯ ಮೇಲಿನ ಗೋಲಿಯಂತಿತ್ತು. ಹುಳುಗಳು ಕೊಂಚ ಹೆಚ್ಚಿದರೆ ಕಣಜಗಳು ಒಂದು ಪೀಳಿಗೆ ತಡವಾಗಿ ಹೆಚ್ಚುತ್ತವೆ. ಹುಳುಗಳು ಕುಸಿದ ಮೇಲೂ ಕಣಜಗಳ ದಂಡು ಉಳಿದಿರುತ್ತದೆ. ಹೀಗೆ ಏರಿಳಿತ ಪ್ರತಿ ಸುತ್ತಿನಲ್ಲೂ ಹಿಗ್ಗುತ್ತಾ ಹೋಗಿ ಸರ್ವನಾಶದಲ್ಲಿ ಮುಗಿಯುತ್ತದೆ. ಹೊಲದಲ್ಲಿ ಮಾತ್ರ ಎರಡೂ ಬದುಕಿಯೇ ಇದ್ದವು. ಹಾಗಾದರೆ ಜೀವಸಮೂಹ ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿರಬೇಕು, ಒಂದೆಡೆ ಅಳಿದು ಇನ್ನೊಂದೆಡೆ ತಲೆಯೆತ್ತುತ್ತಿರಬೇಕು ಎಂದು ನಿಕಲ್ಸನ್ ಊಹಿಸಿದರು.

1930ರಲ್ಲಿ ಕ್ಯಾನ್‌ಬೆರಾದ ಸರ್ಕಾರಿ ಕೀಟ ಸಂಶೋಧನಾ ವಿಭಾಗ ಸೇರಿದ ಅವರು, 1936ರಿಂದ 1960ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಕುರಿಗಳನ್ನು ಕಾಡುವ ನೊಣಗಳನ್ನು ಪಂಜರದಲ್ಲಿ ಸಾಕಿ ನಡೆಸಿದ ಪ್ರಯೋಗಗಳು ಅವರಿಗೆ ಹೆಸರು ತಂದವು. ಆಹಾರವನ್ನು ಮಿತಗೊಳಿಸಿದಾಗ ನೊಣಗಳ ಸಂಖ್ಯೆ ಸುಮಾರು 40 ದಿನಗಳಿಗೊಮ್ಮೆ ಏರಿ ಇಳಿಯುತ್ತಿತ್ತು. 1954ರಲ್ಲಿ ಪ್ರಕಟಿಸಿದ ಇನ್ನೊಂದು ಫಲಿತಾಂಶ ಬೆಚ್ಚಿಬೀಳಿಸುವಂತಿತ್ತು. ಹೊಸದಾಗಿ ಹೊರಬಂದ ನೊಣಗಳಲ್ಲಿ ಅರ್ಧದಷ್ಟನ್ನು ಕೊಂದರೂ, ಉಳಿದವಕ್ಕೆ ಆಹಾರದ ಪಾಲು ಹೆಚ್ಚಿ ಅವು ಇನ್ನಷ್ಟು ಮೊಟ್ಟೆಯಿಟ್ಟವು. ಕೊಲ್ಲುವುದೇ ನಿಯಂತ್ರಣವಲ್ಲ ಎಂಬುದು ಅದರ ಪಾಠ.

ಅದೇ ವರ್ಷ ಆಂಡ್ರೆವಾರ್ತಾ ಮತ್ತು ಬರ್ಚ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ತಮ್ಮ ಗ್ರಂಥದಲ್ಲಿ ಹವಾಮಾನಕ್ಕೆ ಪ್ರಾಧಾನ್ಯ ನೀಡಿ ನಿಕಲ್ಸನ್‌ರ ವಾದವನ್ನು ಪ್ರಶ್ನಿಸಿದರು. ಹವಾಮಾನ ಸಂಖ್ಯೆಯನ್ನು ಬದಲಿಸೀತು, ಆದರೆ ದಟ್ಟಣೆ ಹೆಚ್ಚಿದಂತೆ ಬಿಗಿಯಾಗುವ ಕಡಿವಾಣವಿಲ್ಲದೆ ನಿಯಂತ್ರಣ ಸಾಧ್ಯವಿಲ್ಲ ಎಂಬ ನಿಲುವಿನಿಂದ ಅವರು ಕದಲಲಿಲ್ಲ. 1969ರಲ್ಲಿ ನಿಧನರಾದರು.

ಅವರ ಒಗಟಿಗೆ ಒಂದು ಉತ್ತರ 1978ರಲ್ಲಿ ಬಂತು. ಸಿಡ್ನಿಯಲ್ಲೇ ಭೌತವಿಜ್ಞಾನ ಕಲಿತಿದ್ದ ರಾಬರ್ಟ್ ಮೇ, ಕಣಜಗಳ ದಾಳಿ ಎಲ್ಲ ಹುಳುಗಳ ಮೇಲೂ ಸಮನಾಗಿ ಬೀಳದಿದ್ದರೆ ಸಮೀಕರಣ ಸ್ಥಿರಗೊಳ್ಳಬಲ್ಲದೆಂದು ತೋರಿಸಿದರು. ಕೆಲವು ಹುಳುಗಳು ತಪ್ಪಿಸಿಕೊಳ್ಳುವುದರಿಂದಲೇ ಕಣಜಕ್ಕೂ ನಾಳೆಯೊಂದಿದೆ.

2010ರಲ್ಲಿ ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆಯನ್ನು ಹತ್ತಿಕ್ಕಲು ಬೆಂಗಳೂರಿನ ಸಂಶೋಧನಾ ಸಂಸ್ಥೆ ವಿದೇಶದಿಂದ ಪುಟ್ಟ ಕಣಜಗಳನ್ನು ತರಿಸಿ ನಮ್ಮ ತೋಟಗಳಿಗೆ ಬಿಟ್ಟಿತು. ಇಂಥ ಪ್ರತಿ ಪ್ರಯತ್ನದ ಹಿಂದೆಯೂ ನಿಕಲ್ಸನ್‌ರ ಪ್ರಶ್ನೆಯಿದೆ. ಶತ್ರುವನ್ನು ನಿರ್ನಾಮ ಮಾಡಿದ ಮಿತ್ರ ತಾನೂ ಉಳಿಯಲಾರ. ಕೀಟನಾಶಕದ ಡಬ್ಬಿಗೆ ಕೈಹಾಕುವ ಮುನ್ನ ಈ ಲೆಕ್ಕವನ್ನೊಮ್ಮೆ ನೆನೆಯುವುದು ಒಳಿತು.