ಮಂಗಳನ ಕಾಲುವೆಗಳನ್ನು ಕಂಡವನು

ರಾತ್ರಿಯ ಆಕಾಶದಲ್ಲಿ ಕೆಂಡದುಂಡೆಯಂತೆ ಹೊಳೆಯುವ ಮಂಗಳ ಗ್ರಹವು ಪ್ರಾಚೀನ ಕಾಲದಿಂದಲೂ ಮಾನವನ ಕುತೂಹಲವನ್ನು ಕೆರಳಿಸಿದೆ. ನಮ್ಮ ಹಿರಿಯರು ಅದರ ಬಣ್ಣವನ್ನು ಕಂಡು ಅಂಗಾರಕನೆಂದರು. ಭೂಮಿಯ ಮಗನೆಂದು ಭಾವಿಸಿ ಕುಜನೆಂದರು, ಭೌಮನೆಂದರು. ರೋಮನರು ಅದಕ್ಕೆ ತಮ್ಮ ಯುದ್ಧದೇವತೆಯ ಹೆಸರನ್ನಿಟ್ಟರು. ದೂರದರ್ಶಕವು ಬಳಕೆಗೆ ಬಂದ ಮೇಲೆ ಇಂತಹ ಕಲ್ಪನೆಗಳೆಲ್ಲ ಕರಗಿಹೋಗಬೇಕಾಗಿತ್ತು. ಆದರೆ ದೂರದರ್ಶಕದಿಂದಲೇ ಒಂದು ಹೊಸ ಪುರಾಣವು ಹುಟ್ಟಿಕೊಂಡಿತು. ಮಂಗಳನಲ್ಲಿ ಬುದ್ಧಿಶಾಲಿಗಳಾದ ಜೀವಿಗಳಿದ್ದಾರೆ, ಅವರು ಸಾವಿರಾರು ಮೈಲಿ ಉದ್ದದ ಕಾಲುವೆಗಳನ್ನು ತೋಡಿದ್ದಾರೆ ಎಂಬುದೇ ಆ ಪುರಾಣ. ಅದಕ್ಕಾಗಿ ತನ್ನ ಐಶ್ವರ್ಯ, ಪಾಂಡಿತ್ಯ ಮತ್ತು ಆಯುಸ್ಸಿನ ಬಹುಭಾಗವನ್ನು ಧಾರೆಯೆರೆದವನು ಪರ್ಸಿವಲ್ ಲೊವೆಲ್.

ಲೊವೆಲ್ಲನು 1855ನೆಯ ಇಸವಿ ಮಾರ್ಚ್ 13ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದನು. ಅವನದು ಹತ್ತಿಯ ಗಿರಣಿಗಳಿಂದ ಸಿರಿವಂತವಾದ ಮನೆತನ. ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ಪಟ್ಟಣಕ್ಕೇ ಆ ಮನೆತನದ ಹೆಸರಿದೆ. ಲಕ್ಷ್ಮಿಯೊಡನೆ ಸರಸ್ವತಿಯೂ ಆ ಮನೆಯಲ್ಲಿ ನೆಲೆಸಿದ್ದಳು. ಅವನ ತಮ್ಮನಾದ ಅಬಟ್ ಲಾರೆನ್ಸ್ ಲೊವೆಲ್ ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದನು. ಕಿರಿಯ ತಂಗಿ ಏಮಿ ಲೊವೆಲ್ ಹೆಸರಾಂತ ಕವಯಿತ್ರಿಯಾದಳು. ಪರ್ಸಿವಲನು ಬಾಲ್ಯದಲ್ಲಿಯೇ ಮನೆಯ ಮಾಳಿಗೆಯ ಮೇಲೆ ಚಿಕ್ಕದೊಂದು ದೂರದರ್ಶಕವನ್ನಿಟ್ಟುಕೊಂಡು ಮಂಗಳನನ್ನು ನೋಡುತ್ತಿದ್ದನು. 1876ರಲ್ಲಿ ಅವನು ಹಾರ್ವರ್ಡಿನಿಂದ ಪದವಿ ಪಡೆದನು. ಗಣಿತದಲ್ಲಿ ಅವನಿಗಿದ್ದ ಪ್ರತಿಭೆಯನ್ನು ಗುರುಗಳು ಮೆಚ್ಚಿಕೊಂಡಿದ್ದರು.

ಕೆಲವು ವರ್ಷಗಳ ಕಾಲ ಮನೆತನದ ವ್ಯಾಪಾರವನ್ನು ನೋಡಿಕೊಂಡನಾದರೂ ಅವನ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. 1883ರಲ್ಲಿ ಅವನು ಜಪಾನಿಗೆ ತೆರಳಿದನು. ಅದೇ ವರ್ಷ ಕೊರಿಯ ದೇಶವು ಅಮೆರಿಕಕ್ಕೆ ಕಳುಹಿಸಿದ ರಾಜನಿಯೋಗಕ್ಕೆ ಕಾರ್ಯದರ್ಶಿಯಾಗಿ ನೆರವಾದನು. ಮುಂದಿನ ಹತ್ತು ವರ್ಷಗಳಲ್ಲಿ ಪೂರ್ವದೇಶಗಳಲ್ಲಿ ಸಂಚರಿಸಿ, ಅಲ್ಲಿಯ ಜನಜೀವನವನ್ನು ಕುರಿತು ಹಲವು ಗ್ರಂಥಗಳನ್ನು ಬರೆದನು. ಹೀಗೆ ಖಗೋಳ ವಿಜ್ಞಾನಕ್ಕೆ ಬರುವ ಮೊದಲೇ ಅವನು ಒಳ್ಳೆಯ ಬರಹಗಾರನೆಂದು ಹೆಸರು ಪಡೆದಿದ್ದನು. ಈ ಬರವಣಿಗೆಯ ಶಕ್ತಿಯೇ ಮುಂದೆ ಅವನಿಗೆ ವರವೂ ಆಯಿತು, ಶಾಪವೂ ಆಯಿತು.

ಇತ್ತ 1877ರಲ್ಲಿ ಮಂಗಳ ಗ್ರಹವು ಭೂಮಿಗೆ ಬಹಳ ಸಮೀಪಕ್ಕೆ ಬಂದಿತು. ಆಗ ಇಟಲಿಯ ಜಿಯೊವಾನಿ ಶ್ಯಾಪರೆಲ್ಲಿ ಎಂಬ ಖಗೋಳ ವಿಜ್ಞಾನಿಯು ಮಿಲಾನ್ ನಗರದಿಂದ ಅದನ್ನು ವೀಕ್ಷಿಸಿ ಒಂದು ಭೂಪಟವನ್ನು ರಚಿಸಿದನು. ಗ್ರಹದ ಮೇಲೆ ಅವನಿಗೆ ತೆಳುವಾದ ಗೆರೆಗಳು ಕಂಡವು. ಅವುಗಳನ್ನು ಅವನು ಇಟಾಲಿಯನ್ ಭಾಷೆಯಲ್ಲಿ ಕನಾಲಿ ಎಂದು ಕರೆದನು. ಆ ಪದಕ್ಕೆ ನಿಸರ್ಗದಲ್ಲಿ ತಾನಾಗಿಯೇ ಉಂಟಾದ ಹಳ್ಳ ಎಂಬ ಅರ್ಥವೂ ಉಂಟು, ಮನುಷ್ಯನು ತೋಡಿದ ಕಾಲುವೆ ಎಂಬ ಅರ್ಥವೂ ಉಂಟು. ಇಂಗ್ಲಿಷಿಗೆ ಬಂದಾಗ ಅದು ಕೇವಲ ಕಾಲುವೆಯಾಯಿತು. ಕಾಲುವೆಯೆಂದ ಮೇಲೆ ಅದನ್ನು ತೋಡಿದವರೂ ಇರಬೇಕಲ್ಲವೇ? ಒಂದು ಪದದ ಅನುವಾದದಿಂದ ಒಂದು ಗ್ರಹಕ್ಕೇ ಜನವಸತಿ ಉಂಟಾಯಿತು!

ಈ ಕಾಲುವೆಗಳ ವಿಷಯವನ್ನು ಓದಿದ ಲೊವೆಲ್ಲನ ಮನಸ್ಸಿನಲ್ಲಿ ಬಾಲ್ಯದ ಆಸೆ ಮತ್ತೆ ಚಿಗುರಿತು. 1894ರಲ್ಲಿ ಮಂಗಳನು ಮತ್ತೊಮ್ಮೆ ಸಮೀಪಕ್ಕೆ ಬರುವವನಿದ್ದನು. ಅಷ್ಟರೊಳಗೆ ಲೊವೆಲ್ಲನು ತನ್ನ ಸ್ವಂತ ಹಣದಿಂದ ಅರಿಜೋನ ಪ್ರಾಂತದ ಫ್ಲ್ಯಾಗ್‌ಸ್ಟಾಫ್ ಎಂಬ ಊರಿನ ಬಳಿಯ ಬೆಟ್ಟದ ಮೇಲೆ ಒಂದು ವೀಕ್ಷಣಾಲಯವನ್ನು ಕಟ್ಟಿಸಿದನು. ಆ ಸ್ಥಳವು ಸಮುದ್ರ ಮಟ್ಟದಿಂದ 2,100 ಮೀಟರುಗಳಿಗಿಂತಲೂ ಎತ್ತರದಲ್ಲಿದೆ. ದೊಡ್ಡ ದೂರದರ್ಶಕವಿದ್ದರೆ ಮಾತ್ರ ಸಾಲದು, ಅದರ ಮೇಲಿನ ಗಾಳಿಯೂ ನಿಶ್ಚಲವಾಗಿ, ನಿರ್ಮಲವಾಗಿ ಇರಬೇಕೆಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಹೊಗೆ ಮತ್ತು ದೀಪಗಳಿಂದ ತುಂಬಿದ ನಗರಗಳನ್ನು ಬಿಟ್ಟು ಎತ್ತರದ ಒಣಪ್ರದೇಶಗಳಲ್ಲಿ ವೀಕ್ಷಣಾಲಯಗಳನ್ನು ಸ್ಥಾಪಿಸುವ ಪದ್ಧತಿಗೆ ಅವನು ಬಲವಾದ ಮೇಲ್ಪಂಕ್ತಿಯನ್ನು ಹಾಕಿದನು. 1896ರಲ್ಲಿ 61 ಸೆಂಟಿಮೀಟರ್ ವ್ಯಾಸದ ಮಸೂರವುಳ್ಳ ದೂರದರ್ಶಕವು ಅಲ್ಲಿಗೆ ಬಂದಿತು.

ಲೊವೆಲ್ಲನು ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಕುಳಿತು ಮಂಗಳನನ್ನು ದಿಟ್ಟಿಸಿದನು. ನೂರಾರು ಚಿತ್ರಗಳನ್ನು ಬರೆದನು. ಪ್ರತಿಯೊಂದು ಚಿತ್ರದಲ್ಲಿಯೂ ಸರಳರೇಖೆಗಳು ಬಲೆಯಂತೆ ಹೆಣೆದುಕೊಂಡಿದ್ದವು. ಅವುಗಳನ್ನು ಆಧರಿಸಿ ಅವನು ಒಂದು ವಾದವನ್ನು ಕಟ್ಟಿದನು. ಮಂಗಳನು ಮುಪ್ಪಾದ ಗ್ರಹ. ಅಲ್ಲಿಯ ನೀರು ಬತ್ತುತ್ತಾ ಬಂದಿದೆ. ಉಳಿದಿರುವುದು ಧ್ರುವಗಳ ಹಿಮ ಮಾತ್ರ. ಬೇಸಗೆಯಲ್ಲಿ ಅದು ಕರಗಿದಾಗ ಆ ನೀರನ್ನು ಮರುಭೂಮಿಗಳಿಗೆ ಹರಿಸಲು ಅಲ್ಲಿಯ ನಿವಾಸಿಗಳು ಕಾಲುವೆಗಳನ್ನು ತೋಡಿದ್ದಾರೆ. ಭೂಮಿಯಿಂದ ಕಾಣುವ ಗೆರೆಯು ನೀರಲ್ಲ, ಕಾಲುವೆಯ ಎರಡೂ ದಡಗಳಲ್ಲಿ ಬೆಳೆದ ಹಸಿರಿನ ಪಟ್ಟಿ. ಇದೇ ಅವನ ವಾದದ ಸಾರ. 1895, 1906 ಮತ್ತು 1908ರಲ್ಲಿ ಪ್ರಕಟವಾದ ಮೂರು ಗ್ರಂಥಗಳಲ್ಲಿ ಅವನು ಇದನ್ನು ಬಹು ಸೊಗಸಾಗಿ ಪ್ರತಿಪಾದಿಸಿದನು.

ನೀರಿಗಾಗಿ ಹೋರಾಡುತ್ತ ಮೆಲ್ಲಮೆಲ್ಲನೆ ಅಳಿಯುತ್ತಿರುವ ಒಂದು ಪ್ರಾಚೀನ ಜನಾಂಗ! ಇಂತಹ ಕಥೆಯನ್ನು ಪತ್ರಿಕೆಗಳು ಬಿಡುವುದುಂಟೇ? ಲೊವೆಲ್ಲನ ಉಪನ್ಯಾಸಗಳಿಗೆ ಜನರು ಕಿಕ್ಕಿರಿದು ನೆರೆದರು. ಹಣಕಾಸಿನ ಸುದ್ದಿಗೇ ಮೀಸಲಾದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯೂ ಮಂಗಳನಲ್ಲಿ ಜೀವಿಗಳಿರುವುದಕ್ಕೆ ಪುರಾವೆ ದೊರೆತದ್ದನ್ನು 1907ರ ಅತಿ ವಿಶೇಷವಾದ ಘಟನೆಯೆಂದು ಕೊಂಡಾಡಿತು. ಮಂಗಳ ನಿವಾಸಿಗಳು ಎರಡೇ ವರ್ಷಗಳಲ್ಲಿ ಎರಡು ಬೃಹತ್ ಕಾಲುವೆಗಳನ್ನು ನಿರ್ಮಿಸಿದರೆಂದು 1911ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿತು. ಲೊವೆಲ್ಲನು ಊಹೆಯೆಂದು ಆರಂಭಿಸಿದ್ದು ಅವನ ಪುಸ್ತಕದಲ್ಲಿ ಸಿದ್ಧಾಂತವಾಯಿತು. ಪತ್ರಿಕೆಯಲ್ಲಿ ಅದೇ ಸಂಗತಿಯಾಯಿತು. ಓದುಗರ ಬಾಯಲ್ಲಿ ಪ್ರತ್ಯಕ್ಷ ಸತ್ಯವಾಯಿತು.

ಆದರೆ ಎಲ್ಲರ ಕಣ್ಣಿಗೂ ಕಾಲುವೆಗಳು ಕಾಣಲಿಲ್ಲ. ಲೊವೆಲ್ಲನ ಸಹಾಯಕನಾಗಿದ್ದ ಆಂಡ್ರೂ ಡಗ್ಲಸ್ ಎಂಬವನಿಗೇ ಸಂದೇಹ ಹುಟ್ಟಿತು. ಅವನು ಕೃತಕವಾದ ಗೋಲಗಳನ್ನು ದೂರದಲ್ಲಿರಿಸಿ ದೂರದರ್ಶಕದಿಂದ ನೋಡಿದಾಗ, ಅವುಗಳ ಮೇಲೆ ಇಲ್ಲದ ಗೆರೆಗಳೂ ಕಂಡಂತಾದವು. ತನ್ನ ಶಂಕೆಗಳನ್ನು ಅವನು ಲೊವೆಲ್ಲನ ಬಂಧುವೊಬ್ಬನಿಗೆ ಪತ್ರದಲ್ಲಿ ತಿಳಿಸಿದನು. 1901ರಲ್ಲಿ ಲೊವೆಲ್ಲನು ಅವನನ್ನು ಕೆಲಸದಿಂದ ತೆಗೆದುಹಾಕಿದನು. ಲೊವೆಲ್ಲನ ಬಾಳಿನಲ್ಲಿ ಇದೊಂದು ಕಪ್ಪು ಚುಕ್ಕೆ. ಸಂದೇಹಪಡುವವನು ಶತ್ರುವಲ್ಲ, ಅವನೇ ಸತ್ಯದ ಕಾವಲುಗಾರ ಎಂಬುದನ್ನು ಅವನು ಮರೆತನು. ಡಗ್ಲಸನು ಮುಂದೆ ಮರದ ಕಾಂಡದ ಉಂಗುರಗಳನ್ನೆಣಿಸಿ ಕಾಲವನ್ನು ನಿರ್ಣಯಿಸುವ ಹೊಸ ಶಾಸ್ತ್ರವನ್ನೇ ಸ್ಥಾಪಿಸಿ ಕೀರ್ತಿ ಪಡೆದನು.

1903ರಲ್ಲಿ ಇಂಗ್ಲೆಂಡಿನ ವಾಲ್ಟರ್ ಮಾಂಡರ್ ಎಂಬ ಖಗೋಳ ವಿಜ್ಞಾನಿಯು ಗ್ರೀನಿಚ್ಚಿನ ಒಂದು ಶಾಲೆಯಲ್ಲಿ ಸರಳವಾದ ಪ್ರಯೋಗವೊಂದು ನಡೆಯುವಂತೆ ಮಾಡಿದನು. ಅಸ್ಪಷ್ಟವಾದ ಚುಕ್ಕೆಗಳೂ ಕಲೆಗಳೂ ಇದ್ದ ಒಂದು ವೃತ್ತದ ಚಿತ್ರವನ್ನು ತೂಗುಹಾಕಿ, ಬೇರೆ ಬೇರೆ ದೂರಗಳಲ್ಲಿ ಕುಳಿತ ಬಾಲಕರಿಗೆ ಕಂಡಂತೆ ಬರೆಯಲು ಹೇಳಲಾಯಿತು. ಹತ್ತಿರ ಕುಳಿತವರು ಚುಕ್ಕೆಗಳನ್ನು ಬರೆದರು. ತೀರ ದೂರ ಕುಳಿತವರಿಗೆ ಸೂಕ್ಷ್ಮ ವಿವರಗಳು ಕಾಣಲೇ ಇಲ್ಲ. ನಡುವೆ ಕುಳಿತ ಹಲವರು ಮೂಲದಲ್ಲಿ ಇಲ್ಲದ ಸರಳರೇಖೆಗಳನ್ನು ಎಳೆದಿದ್ದರು! ಅವರು ಸುಳ್ಳು ಹೇಳಿದವರಲ್ಲ. ಬಿಡಿಬಿಡಿಯಾದ ಚುಕ್ಕೆಗಳನ್ನು ಅವರ ಕಣ್ಣು ಮತ್ತು ಮನಸ್ಸುಗಳೇ ಸೇರಿಸಿ ಗೆರೆಯಾಗಿಸಿದ್ದವು. ಲೊವೆಲ್ಲನು ಈ ಪ್ರಯೋಗವನ್ನು ಒಪ್ಪಲಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿ ಇನ್ನೊಂದಿದೆ. 1896ರಲ್ಲಿ ಲೊವೆಲ್ಲನಿಗೆ ಶುಕ್ರ ಗ್ರಹದ ಮೇಲೂ ಗಾಡಿಯ ಚಕ್ರದ ಅರೆಕಾಲುಗಳಂತಹ ಗೆರೆಗಳು ಕಂಡವು. ಶುಕ್ರವಾದರೋ ದಟ್ಟವಾದ ಮೋಡಗಳಿಂದ ಮುಚ್ಚಿದ ಗ್ರಹ. ಅದರ ನೆಲವು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಅವನು ದೂರದರ್ಶಕದ ಬಾಯನ್ನು ಬಹಳ ಕಿರಿದುಗೊಳಿಸಿ ನೋಡುತ್ತಿದ್ದುದರಿಂದ, ತನ್ನದೇ ಕಣ್ಣಿನ ಒಳಪದರದ ರಕ್ತನಾಳಗಳ ನೆರಳು ಅವನಿಗೆ ಗೋಚರಿಸಿರಬಹುದೆಂದು ಈಚಿನ ಕೆಲವರು ವಿವರಿಸಿದ್ದಾರೆ. ಹಾಗಿದ್ದರೆ ಅವನು ಕಂಡದ್ದು ಗ್ರಹವನ್ನಲ್ಲ, ತನ್ನನ್ನೇ!

ವಿಜ್ಞಾನಿಗಳ ವಿರೋಧವು ವರ್ಷವರ್ಷಕ್ಕೂ ಬಲಗೊಂಡಿತು. ಜೀವವಿಕಾಸ ವಾದದ ಪ್ರವರ್ತಕರಲ್ಲಿ ಒಬ್ಬನಾದ ಆಲ್‌ಫ್ರೆಡ್ ರಸೆಲ್ ವಾಲೇಸನು 1907ರಲ್ಲಿ, ತನ್ನ 84ನೆಯ ವಯಸ್ಸಿನಲ್ಲಿ, ಒಂದು ಪುಸ್ತಕವನ್ನೇ ಬರೆದು, ಮಂಗಳನು ನೀರು ಹರಿಯಲಾರದಷ್ಟು ಶೀತಲವಾದ ಗ್ರಹವೆಂದು ವಾದಿಸಿದನು. 1909ರಲ್ಲಿ ಯೂಜೀನ್ ಆಂಟೋನಿಯಾಡಿ ಎಂಬವನು ಪ್ಯಾರಿಸ್ಸಿನ ಬಳಿಯ ಮ್ಯೂಡಾನ್ ವೀಕ್ಷಣಾಲಯದಲ್ಲಿ, 83 ಸೆಂಟಿಮೀಟರ್ ವ್ಯಾಸದ ದೂರದರ್ಶಕದಿಂದ ಮಂಗಳನನ್ನು ನೋಡಿದನು. ಅವನೂ ಹಿಂದೆ ತನ್ನ ಭೂಪಟಗಳಲ್ಲಿ ಕಾಲುವೆಗಳನ್ನು ಬರೆದವನೇ. ಆದರೆ ಗಾಳಿ ನಿಶ್ಚಲವಾಗಿದ್ದ ಆ ರಾತ್ರಿಗಳಲ್ಲಿ ಗೆರೆಗಳೆಲ್ಲ ಒಡೆದು ಅಡ್ಡಾದಿಡ್ಡಿಯಾದ ಕಲೆಗಳಾಗಿ ಕಂಡವು. ಅವನು ಕಿಂಚಿತ್ತೂ ಸಂಕೋಚಪಡದೆ ತನ್ನ ಹಿಂದಿನ ಅಭಿಪ್ರಾಯವನ್ನು ಬಿಟ್ಟುಕೊಟ್ಟನು. ಲೊವೆಲ್ಲನು ಮಾತ್ರ ಕಡೆಯವರೆಗೂ ಬಿಡಲಿಲ್ಲ.

ಹಾಗೆಂದು ಅವನ ಬಾಳು ವ್ಯರ್ಥವಾಯಿತೆಂದು ತಿಳಿಯಬಾರದು. ನೆಪ್ಚೂನಿನ ಆಚೆ ಇನ್ನೊಂದು ಗ್ರಹವಿರಬೇಕೆಂದು ನಂಬಿ ಅವನು ವರ್ಷಗಟ್ಟಲೆ ಗಣಿತ ಮಾಡಿದನು, ಆಕಾಶದ ಛಾಯಾಚಿತ್ರಗಳನ್ನು ತೆಗೆಸಿದನು. ಅವನ ವೀಕ್ಷಣಾಲಯದಲ್ಲಿ ದುಡಿಯುತ್ತಿದ್ದ ವೆಸ್ಟೊ ಸ್ಲೈಫರನು 1912ರಿಂದ ಸುರುಳಿ ನೀಹಾರಿಕೆಗಳ ಬೆಳಕನ್ನು ಪರೀಕ್ಷಿಸಿ, ಅವುಗಳಲ್ಲಿ ಬಹಳಷ್ಟು ಅಪಾರ ವೇಗದಿಂದ ದೂರ ಸರಿಯುತ್ತಿರುವುದನ್ನು ಕಂಡನು. ವಿಶ್ವವು ಹಿಗ್ಗುತ್ತಿದೆಯೆಂಬ ಮಹಾ ಸಿದ್ಧಾಂತಕ್ಕೆ ಇದು ಅಡಿಗಲ್ಲಾಯಿತು. 1916ರ ನವೆಂಬರ್ 12ರಂದು, 61ನೆಯ ವಯಸ್ಸಿನಲ್ಲಿ, ಲೊವೆಲ್ಲನು ಫ್ಲ್ಯಾಗ್‌ಸ್ಟಾಫಿನಲ್ಲಿ ತೀರಿಕೊಂಡನು. ಅವನ ಸಮಾಧಿಯು ಅದೇ ಬೆಟ್ಟದ ಮೇಲೆ, ಅವನ ದೂರದರ್ಶಕದ ಸಮೀಪದಲ್ಲಿದೆ.

ಅವನ ಮರಣದ ಸುಮಾರು ಹದಿಮೂರು ವರ್ಷಗಳ ತರುವಾಯ, 1930ರ ಫೆಬ್ರವರಿಯಲ್ಲಿ, ಅದೇ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೋ ಎಂಬ ರೈತರ ಮನೆಯ ಯುವಕನು ಪ್ಲೂಟೊವನ್ನು ಕಂಡುಹಿಡಿದನು. ಈ ಸುದ್ದಿಯನ್ನು ಲೊವೆಲ್ಲನ ಜನ್ಮದಿನವಾದ ಮಾರ್ಚ್ 13ರಂದು ಲೋಕಕ್ಕೆ ಸಾರಲಾಯಿತು. ಪ್ಲೂಟೊ ಎಂಬ ಹೆಸರನ್ನು ಸೂಚಿಸಿದವಳು ಇಂಗ್ಲೆಂಡಿನ ಹನ್ನೊಂದು ವರ್ಷದ ಶಾಲಾ ಬಾಲಕಿ. ಅದರ ಇಂಗ್ಲಿಷ್ ಕಾಗುಣಿತದ ಮೊದಲ ಎರಡು ಅಕ್ಷರಗಳು ಲೊವೆಲ್ಲನ ಹೆಸರಿನ ಮೊದಲಕ್ಷರಗಳೂ ಹೌದು. ಆದರೆ ಪ್ಲೂಟೊ ಅವನ ಗಣಿತಕ್ಕೆ ಹೊಂದುವಷ್ಟು ದೊಡ್ಡದಾಗಿರಲಿಲ್ಲ. 2006ರಲ್ಲಿ ಅದನ್ನು ಕುಬ್ಜ ಗ್ರಹಗಳ ಪಂಕ್ತಿಗೆ ಸೇರಿಸಲಾಯಿತು.

1965ರ ಜುಲೈ ತಿಂಗಳಲ್ಲಿ ಮ್ಯಾರಿನರ್-4 ಎಂಬ ಗಗನನೌಕೆಯು ಮಂಗಳನ ಸಮೀಪದಲ್ಲಿ ಹಾದುಹೋಗುತ್ತಾ ಛಾಯಾಚಿತ್ರಗಳನ್ನು ಕಳುಹಿಸಿತು. ಅವುಗಳಲ್ಲಿ ಕಂಡದ್ದು ಉಲ್ಕೆಗಳ ಹೊಡೆತದಿಂದಾದ ಕುಳಿಗಳು, ಬರಡು ನೆಲ. ಕಾಲುವೆಗಳ ಕಥೆ ಅಲ್ಲಿಗೆ ಮುಗಿಯಿತು. ಆದರೆ ಕಾಲುವೆಗಳನ್ನು ಕಂಡ ಕಣ್ಣು ಮಾತ್ರ ಮನುಷ್ಯನಲ್ಲಿ ಹಾಗೆಯೇ ಉಳಿಯಿತು. 1976ರಲ್ಲಿ ವೈಕಿಂಗ್ ನೌಕೆಯು ತೆಗೆದ ಚಿತ್ರದಲ್ಲಿ ಒಂದು ಗುಡ್ಡವು ಮಾನವನ ಮುಖದಂತೆ ಕಂಡಿತು. ಅದು ಬೆಳಕು ನೆರಳುಗಳ ಆಟವೆಂದು ವಿಜ್ಞಾನಿಗಳು ಆಗಲೇ ಹೇಳಿದರೂ, ಮಂಗಳ ನಿವಾಸಿಗಳ ಶಿಲ್ಪವೆಂಬ ಕಥೆ ಪತ್ರಿಕೆಗಳಲ್ಲಿ ಹಬ್ಬಿತು. 1998 ಮತ್ತು 2001ರಲ್ಲಿ ಸ್ಪಷ್ಟವಾದ ಚಿತ್ರಗಳು ಬಂದಾಗ ಅದು ಬರಿಯ ಗುಡ್ಡವಾಯಿತು. 2014ರಲ್ಲಿ ಆಪರ್ಚುನಿಟಿ ಎಂಬ ಸಂಚಾರಿ ಯಂತ್ರದ ಮುಂದೆ ಹಿಂದಿನ ಚಿತ್ರದಲ್ಲಿ ಇಲ್ಲದ ಕಲ್ಲೊಂದು ಕಾಣಿಸಿಕೊಂಡಿತು. ಜಗತ್ತೆಲ್ಲ ಬೆರಗಾಯಿತು. ಯಂತ್ರದ ಚಕ್ರವೇ ಒಂದು ಬಂಡೆಯನ್ನು ಒಡೆದು ಅದರ ಚೂರನ್ನು ಅತ್ತ ಉರುಳಿಸಿತ್ತೆಂದು ಬಳಿಕ ತಿಳಿಯಿತು. 2022ರಲ್ಲಿ ಕ್ಯೂರಿಯಾಸಿಟಿ ಯಂತ್ರದ ಚಿತ್ರದಲ್ಲಿ ಬಂಡೆಯೊಳಗೆ ಕೊರೆದ ಬಾಗಿಲೊಂದು ಕಂಡಿತೆಂದು ಸುದ್ದಿಯಾಯಿತು. ಅದರ ಎತ್ತರ ಸುಮಾರು 30 ಸೆಂಟಿಮೀಟರ್ ಮಾತ್ರ. ಅದು ಬಂಡೆಯಲ್ಲಿ ಸಹಜವಾಗಿ ಉಂಟಾದ ಬಿರುಕು.

ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವುದು ಮನುಷ್ಯನ ಸಹಜ ಗುಣ. ಚಂದ್ರನ ಕಲೆಯಲ್ಲಿ ಮೊಲವನ್ನು ಕಂಡು ಅವನನ್ನು ಶಶಾಂಕನೆಂದು ಕರೆದ ಕವಿಹೃದಯವೂ ಅದೇ ಗುಣದ ಫಲ. ಹಾವೆಂದು ಬೆಚ್ಚಿದರೆ ತಪ್ಪಿಲ್ಲ. ದೀಪ ತಂದವನನ್ನು ಹೊರಗೆ ಕಳುಹಿಸಿದರೆ ತಪ್ಪು. ಲೊವೆಲ್ಲನಲ್ಲಿ ಶ್ರದ್ಧೆಯಿತ್ತು, ತ್ಯಾಗವಿತ್ತು, ಅಸಾಧಾರಣವಾದ ಕಲ್ಪನಾಶಕ್ತಿಯಿತ್ತು. ತನ್ನ ಕಣ್ಣನ್ನೇ ಪರೀಕ್ಷೆಗೊಡ್ಡುವ ವಿನಯವೊಂದು ಮಾತ್ರ ಇರಲಿಲ್ಲ. ಆದರೂ ಅವನು ಕಟ್ಟಿಸಿದ ವೀಕ್ಷಣಾಲಯದಲ್ಲಿ ಅವನ ತರುವಾಯದವರು ಸತ್ಯವನ್ನು ಅರಸಿದರು, ಕಂಡರು. ಅವನ ಸಾಧನೆಯು ವಿಜ್ಞಾನಕ್ಕೆ ಎಷ್ಟು ಬೆಲೆಯುಳ್ಳದ್ದೋ, ಅವನ ತಪ್ಪು ಎಲ್ಲ ಕಾಲದ ಓದುಗರಿಗೂ ಅಷ್ಟೇ ಬೆಲೆಯುಳ್ಳ ಪಾಠ.