ಸ್ಪೈಸ್ ಮಾಡೆಲ್ ಎಲ್ಲ ಸಾಫ್ಟ್‌ವೇರ್‌ನಲ್ಲೂ ಓಡುತ್ತಾ? ಡೊನಾಲ್ಡ್ ಪೆಡರ್ಸನ್ ಕಥೆ ಓದಿ

ಯಾದಗಿರಿ, ಶಹಾಪುರ, ಸುರಪುರದಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಇಂದು ಮನೆಯಲ್ಲೇ ಉಚಿತ ಸಾಫ್ಟ್‌ವೇರ್‌ನಲ್ಲಿ ಸರ್ಕ್ಯೂಟ್ ಪರೀಕ್ಷಿಸಬಹುದು. ಇದಕ್ಕೆ ದಾರಿ ಮಾಡಿದವರು ಡೊನಾಲ್ಡ್ ಪೆಡರ್ಸನ್.

1925ರಲ್ಲಿ ಅಮೆರಿಕದ ಹ್ಯಾಲಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅವರು, ಎರಡನೇ ಮಹಾಯುದ್ಧದ ವೇಳೆ ಸೇನೆಯಲ್ಲಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌.ಡಿ. ಮುಗಿಸಿ, ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿ, 1955ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಐಸಿ ತಯಾರಿಸುವ ಲ್ಯಾಬ್ ಕಟ್ಟಿದರು.

ಐಸಿಯೊಳಗಿನ ಭಾಗವನ್ನು ಬಿಚ್ಚಿ ಬದಲಿಸಲಾಗದು. ಹಾಗಾಗಿ ತಯಾರಿಸುವ ಮೊದಲೇ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಬೇಕು. ಈ ಕೆಲಸಕ್ಕಿಳಿದ ವಿದ್ಯಾರ್ಥಿ ಲಾರೆನ್ಸ್ ನೇಗಲ್‌ಗೆ ಪೆಡರ್ಸನ್ ಹಾಕಿದ ಷರತ್ತು ಒಂದೇ: ಪ್ರೋಗ್ರಾಂ ಎಲ್ಲರಿಗೂ ಮುಕ್ತವಾಗಿರಬೇಕು. 1973ರಲ್ಲಿ ‘ಸ್ಪೈಸ್’ ಹೊರಬಂತು.

ಕೋಡ್ ಪಡೆದ ಕಂಪನಿಗಳು ತಮಗೆ ಬೇಕಾದ್ದನ್ನು ಸೇರಿಸಿಕೊಂಡವು. ಯಾದಗಿರಿ ಕನ್ನಡ, ಮೈಸೂರು ಕನ್ನಡ ಇದ್ದ ಹಾಗೆ, ಮೂಲ ಒಂದೇ ಆದರೂ ಮಾತು ಬೇರೆಯಾಯಿತು. ಬಿಡಿಭಾಗದ ವರ್ತನೆಯನ್ನು ಬರೆದಿಟ್ಟ ಫೈಲೇ ಮಾಡೆಲ್. ವೋಲ್ಟೇಜ್‌ನಿಂದ ನಡೆಯುವ ಸ್ವಿಚ್‌ಗೆ ಬರ್ಕ್ಲಿ ಸ್ಪೈಸ್‌ನಲ್ಲಿ ‘ಎಸ್‌ಡಬ್ಲ್ಯೂ’, ಪಿಸ್ಪೈಸ್‌ನಲ್ಲಿ ‘ವಿಸ್ವಿಚ್’ ಎಂಬ ಹೆಸರು.

ಹಾಗಾದರೆ ನಿಜವೇನು? ಸರಳ ಡಯೋಡ್, ಟ್ರಾನ್ಸಿಸ್ಟರ್ ಮಾಡೆಲ್‌ಗಳು ಸಾಮಾನ್ಯವಾಗಿ ಎಲ್ಲೆಡೆ ಓಡುತ್ತವೆ. ಕಂಪನಿ ಬೀಗ ಹಾಕಿದ, ಅಂದರೆ ಎನ್‌ಕ್ರಿಪ್ಟ್ ಮಾಡಿದ ಮಾಡೆಲ್ ಬೇರೆಡೆ ತೆರೆಯದು. ಉಚಿತ ಎನ್‌ಜಿಸ್ಪೈಸ್‌ನಲ್ಲಿ ಪಿಸ್ಪೈಸ್ ಮಾಡೆಲ್ ಓದಿಸಲು ಹೊಂದಾಣಿಕೆ ಸೆಟ್ಟಿಂಗ್ ಇದೆ. ಇನ್ನೊಂದು ಎಚ್ಚರ: ಸ್ಪೈಸ್‌ನಲ್ಲಿ ‘ಎಂ’ ಎಂದರೆ ಮಿಲಿ, ಮೆಗಾಗೆ ‘ಎಂಇಜಿ’ ಬರೆಯಿರಿ.

1998ರಲ್ಲಿ ಐಇಇಇ ಮೆಡಲ್ ಆಫ್ ಆನರ್ ಪಡೆದ ಪೆಡರ್ಸನ್, 2004ರಲ್ಲಿ ನಿಧನರಾದರು. ಅವರು ಅಂದು ಹಾಕಿದ ಷರತ್ತಿನ ಫಲ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಎಲೆಕ್ಟ್ರಾನಿಕ್ಸ್ ಓದುವ ಗೆಳೆಯರಿಗೂ ಕಳಿಸಿ.