ಅಲ್ಪವಿರಾಮದ ಕುಣಿಕೆ

ನಮ್ಮ ಇಂಗ್ಲಿಷ್ ಪ್ರಬಂಧಗಳನ್ನು ತೆಗೆದು ನೋಡಿ, ಕಾಮಾಗಳದ್ದೇ ಅವಾಂತರ. ಒಬ್ಬ ಸಾಲಿಗೆ ಹತ್ತು ಚೆಲ್ಲುತ್ತಾನೆ, ಇನ್ನೊಬ್ಬ ಪುಟಕ್ಕೊಂದೂ ಹಾಕೋದಿಲ್ಲ. ಕನ್ನಡದಲ್ಲಿ ಯಾವ ಪದ ಯಾವುದಕ್ಕೆ ಸೇರಿದ್ದು ಅಂತ ವಿಭಕ್ತಿ ಪ್ರತ್ಯಯಗಳೇ ಬಹುಮಟ್ಟಿಗೆ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸದ ಒಂದು ಪಾಲು ಈ ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಅದರ ಭಾರ ಎಷ್ಟು ಅಂತ ತಿಳಿಯಬೇಕಾದರೆ ರೋಜರ್ ಕೇಸ್‌ಮೆಂಟನ ಬಾಳನ್ನು ನೋಡಬೇಕು.

ಕೇಸ್‌ಮೆಂಟ್ ಹುಟ್ಟಿದ್ದು 1864ರ ಸೆಪ್ಟೆಂಬರ್ 1ರಂದು, ಐರ್ಲೆಂಡಿನ ಡಬ್ಲಿನ್ ಬಳಿ. ಚಿಕ್ಕಂದಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ. ಲಿವರ್‌ಪೂಲಿನ ಹಡಗು ಕಂಪನಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ, ಇಪ್ಪತ್ತರ ಆಸುಪಾಸಿನಲ್ಲಿ ಆಫ್ರಿಕಕ್ಕೆ ಹೋದ. 1890ರಲ್ಲಿ ಕಾಂಗೋದ ಮಟಾಡಿಯಲ್ಲಿ ಅವನಿಗೆ ಜೊತೆಯಾದವನು ಜೋಸೆಫ್ ಕಾನ್ರಾಡ್. ಹೌದು, ಇಂಗ್ಲಿಷ್ ಸಾಹಿತ್ಯದವರು ಪಠ್ಯದಲ್ಲಿ ಓದುವ ಅದೇ ಕಾನ್ರಾಡ್.

ಮುಂದೆ ಕೇಸ್‌ಮೆಂಟ್ ಬ್ರಿಟಿಷ್ ಕಾನ್ಸಲ್ ಆದ. ಆಗ ಕಾಂಗೋ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಆಸ್ತಿಯ ಹಾಗಿತ್ತು. ರಬ್ಬರಿಗಾಗಿ ಅಲ್ಲಿ ಜನರ ಕೈ ಕತ್ತರಿಸುತ್ತಿದ್ದರು. 1903ರಲ್ಲಿ ಈತ ನದಿಯ ಮೇಲ್ಗಡೆ ಊರೂರು ತಿರುಗಿ, ಸಂತ್ರಸ್ತರ ಮಾತನ್ನೇ ಬರೆದುಕೊಂಡು ಬಂದ. 1904ರಲ್ಲಿ ಪ್ರಕಟವಾದ ಆ ವರದಿ ಯೂರೋಪನ್ನು ಅಲುಗಾಡಿಸಿತು. 1908ರಲ್ಲಿ ಲಿಯೊಪೋಲ್ಡ್ ಕಾಂಗೋವನ್ನು ಬಿಟ್ಟುಕೊಡಬೇಕಾಯಿತು. ಆಮೇಲೆ ದಕ್ಷಿಣ ಅಮೆರಿಕದ ಪುಟುಮಾಯೊ ಕಾಡಿನಲ್ಲೂ ಇಂಥದೇ ರಬ್ಬರ್ ಕ್ರೌರ್ಯವನ್ನು ಬಯಲಿಗೆಳೆದ. ಅದಕ್ಕಾಗಿ 1911ರಲ್ಲಿ ಬ್ರಿಟಿಷ್ ಸರ್ಕಾರ ಅವನಿಗೆ ‘ಸರ್’ ಪದವಿ ಕೊಟ್ಟಿತು.

ಪರರ ಗುಲಾಮಗಿರಿ ಕಂಡವನಿಗೆ ತನ್ನ ನಾಡಿನ ದಾಸ್ಯ ಕಾಣದೆ ಇದ್ದೀತೇ? 1913ರಲ್ಲಿ ನೌಕರಿ ಬಿಟ್ಟು ಐರಿಷ್ ಹೋರಾಟಕ್ಕೆ ಇಳಿದ. ಮಹಾಯುದ್ಧ ಶುರುವಾದಾಗ ಜರ್ಮನಿಗೆ ಹೋಗಿ, ಅಲ್ಲಿದ್ದ ಐರಿಷ್ ಯುದ್ಧಕೈದಿಗಳನ್ನು ಸೇರಿಸಿ ಪಡೆ ಕಟ್ಟಲು ನೋಡಿದ. ಬಂದವರು ಐವತ್ತು ಚಿಲ್ಲರೆ ಜನ ಅಷ್ಟೇ. ಜರ್ಮನಿಯ ನೆರವು ಸಾಲದು, ಈಗಲೇ ದಂಗೆ ಬೇಡ ಅಂತ ತಿಳಿಸಬೇಕೆಂದು ಸಬ್‌ಮರೀನಿನಲ್ಲಿ ಹೊರಟ. 1916ರ ಏಪ್ರಿಲ್ 21ರಂದು ಕೆರಿ ಕಡಲತೀರದಲ್ಲಿ ಇಳಿದ, ಅಂದೇ ಸಿಕ್ಕಿಬಿದ್ದ. ಮೂರು ದಿನದ ಮೇಲೆ ಡಬ್ಲಿನ್ನಿನಲ್ಲಿ ದಂಗೆ ಎದ್ದೇಬಿಟ್ಟಿತು.

ಲಂಡನ್ನಿನಲ್ಲಿ ರಾಜದ್ರೋಹದ ವಿಚಾರಣೆ. ಮುಖ್ಯ ನ್ಯಾಯಾಧೀಶ ಲಾರ್ಡ್ ರೀಡಿಂಗ್. 1921ರಿಂದ 1926ರವರೆಗೆ ನಮ್ಮ ದೇಶಕ್ಕೆ ವೈಸರಾಯ್ ಆಗಿ ಬಂದವನು ಈತನೇ. ಕಾಯಿದೆ ಮಾತ್ರ 1351ರದು, ನಾರ್ಮನ್ ಫ್ರೆಂಚಿನಲ್ಲಿ ಬರೆದದ್ದು. ಅದರಲ್ಲಿ ಮೂರು ತುಂಡು: ರಾಜ್ಯದೊಳಗೆ ರಾಜನ ಶತ್ರುಗಳ ಪಕ್ಷ ಸೇರುವುದು, ರಾಜ್ಯದೊಳಗೆ ಅವರಿಗೆ ನೆರವು ಕೊಡುವುದು, ಅಥವಾ ಬೇರೆಡೆ.

ಈ ‘ಅಥವಾ ಬೇರೆಡೆ’ ಯಾವುದಕ್ಕೆ ಸೇರಿದ್ದು? ಅದೇ ಪ್ರಶ್ನೆ. ಅದು ನೆರವಿನ ಮಾತಿಗಷ್ಟೇ ಅಂಟಿಕೊಂಡಿದೆ, ಶತ್ರುಪಕ್ಷ ಸೇರಿದವನು ರಾಜ್ಯದೊಳಗೇ ಇದ್ದಿರಬೇಕು ಅಂತ ಕೇಸ್‌ಮೆಂಟನ ವಕೀಲ ಸಲಿವನ್ ವಾದಿಸಿದ. ಕೇಸ್‌ಮೆಂಟ್ ಮಾಡಿದ್ದೆಲ್ಲ ಜರ್ಮನಿಯಲ್ಲಿ, ಆದ್ದರಿಂದ ಕಾಯಿದೆ ತಾಗದು. ಆದರೆ ನಡುವಿನ ತುಂಡಿನ ಎರಡೂ ಕಡೆ ಕಾಮಾ ಇಟ್ಟು ಓದಿದರೆ ಅದು ಬರೀ ವಿವರಣೆಯಾಗುತ್ತದೆ. ‘ಬೇರೆಡೆ’ ಅದನ್ನು ಹಾರಿ ಮೊದಲ ತುಂಡಿಗೆ ಹೋಗಿ ಕೂಡಿಕೊಳ್ಳುತ್ತದೆ. ಆಗ ಜರ್ಮನಿಯಲ್ಲಿ ಮಾಡಿದ್ದೂ ದ್ರೋಹವೇ.

ಅಪೀಲಿನಲ್ಲಿ ಇಬ್ಬರು ನ್ಯಾಯಾಧೀಶರು ಮೂಲ ಸುರುಳಿಯನ್ನೇ ಹೋಗಿ ನೋಡಿ ಬಂದರು. ಅದರಲ್ಲಿ ವಿರಾಮದಂಥ ಗುರುತು ಕಂಡಿತು. ಜೀವ ಒಂದು ಕಾಮಾದ ಮೇಲೆ ನಿಂತಿದ್ದರೆ ಅನುಮಾನದ ಲಾಭ ಆರೋಪಿಗೇ ಸಿಗಬೇಕು ಅಂತ ಸಲಿವನ್ ಹೇಳಿ ನೋಡಿದ. ನ್ಯಾಯಾಲಯ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಹಳೆಯ ಕಾನೂನು ಪಂಡಿತರ ವ್ಯಾಖ್ಯಾನವೂ ಅವನ ವಿರುದ್ಧವೇ ಇತ್ತು. ಕಾಮಾವೊಂದೇ ಕೊಂದಿತು ಅನ್ನಲಾಗದು. ಆದರೆ ಅವನನ್ನು ಕಾಮಾಕ್ಕೆ ನೇಣುಹಾಕಿದರು ಅನ್ನುವ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿತು.

ಬರ್ನಾರ್ಡ್ ಷಾ, ಕಾನನ್ ಡಾಯ್ಲ್ ಅವನ ಜೀವಕ್ಕಾಗಿ ಬೇಡಿದರು. ಹಳೆಯ ಜೊತೆಗಾರ ಕಾನ್ರಾಡ್ ಸಹಿ ಹಾಕಲಿಲ್ಲ. ಸರ್ಕಾರ ಅವನ ಖಾಸಗಿ ದಿನಚರಿಯ ಪುಟಗಳನ್ನು ಗುಟ್ಟಾಗಿ ದೊಡ್ಡವರಿಗೆ ತೋರಿಸಿ ಕನಿಕರ ಕರಗಿಸಿತು. ‘ಸರ್’ ಪದವಿ ಕಿತ್ತುಕೊಂಡು, 1916ರ ಆಗಸ್ಟ್ 3ರಂದು ಪೆಂಟನ್‌ವಿಲ್ ಜೈಲಿನಲ್ಲಿ ನೇಣಿಗೇರಿಸಿತು. ಅವನ ಅಸ್ಥಿ ಡಬ್ಲಿನ್ನಿಗೆ ಮರಳಿದ್ದು 1965ರಲ್ಲಿ.

ಗೆಳೆಯರೇ, ನಮ್ಮ ಪತ್ರಗಳಲ್ಲಿ ಯಾರ ತಲೆಯೂ ಹೋಗುವುದಿಲ್ಲ. ಆದರೂ ನಿಯಮ ಒಂದೇ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಪುಣೆ ಈಸ್ ಇಲ್’ ಅಂತ ಕಾಮಾ ಇಲ್ಲದೆ ಬರೆದರೆ, ಅಣ್ಣಂದಿರು ಹಲವರು, ಪುಣೆಯವನಿಗೆ ಕಾಯಿಲೆ. ‘ಬ್ರದರ್’ ಆದಮೇಲೊಂದು, ‘ಪುಣೆ’ ಆದಮೇಲೊಂದು ಕಾಮಾ ಇಟ್ಟರೆ, ಇರುವವನು ಒಬ್ಬನೇ ಅಣ್ಣ. ನಡುವಿನ ಮಾತನ್ನು ತೆಗೆದು ಓದಿ. ಯಾರ ಮಾತು ಅಂತ ಆಗಲೂ ತಿಳಿದರೆ ಎರಡೂ ಕಡೆ ಕಾಮಾ ಹಾಕಿ, ಒಂದು ಹಾಕಿ ಇನ್ನೊಂದನ್ನು ಮರೆಯಬೇಡಿ. ತಿಳಿಯದಿದ್ದರೆ ಒಂದೂ ಬೇಡ. ಕೊನೆಯ ಮಾತು ಎರಡು ಕಡೆ ಅಂಟುವ ಹಾಗಿದ್ದರೆ ಕಾಮಾವನ್ನು ನಂಬದೆ ವಾಕ್ಯವನ್ನೇ ಬೇರೆ ಬರೆಯಿರಿ. 1351ರ ಬರಹಗಾರ ಅಷ್ಟು ಮಾಡಿದ್ದರೆ, 565 ವರ್ಷಗಳ ಮೇಲೆ ಒಬ್ಬನ ಪ್ರಾಣವನ್ನು ಹಿಡಿದು ಅಷ್ಟೊಂದು ಜಗ್ಗಾಟ ನಡೆಯುತ್ತಿರಲಿಲ್ಲ.